ತೇಪೆ ಒಣಗುವ ತನಕ

...ಇಪ್ಪತ್ತೆರಡು ದಿನ ಕಣಮ್ಮ, ಒಂದೂ ಕಡಿಮೆ ಇಲ್ಲ. ಈ ಗುಡ್ಡದ ದಾರೀನ ಈ ತುದಿಯಿಂದ ಆ ತುದಿವರೆಗೆ ಒಬ್ಬನೇ ನಡೆದವನು ನಾನು. ಅದೂ ಮಳೆಗಾಲದಲ್ಲಿ. ಸಾಕ್ಷಿ ಬೇಕಾ? ಜೊತೆಗಿದ್ದದ್ದು ಒಂದು ಕುಂಟು ನಾಯಿ, ಅದು ಸತ್ತು ಮೂವತ್ತು ವರ್ಷ ಆಯ್ತು. ಇದ್ದಿದ್ದರೆ ಅದನ್ನೇ ಕೇಳು ಅಂತಿದ್ದೆ.

ಯಾಕೆ ನಗ್ತೀಯ? ಒಬ್ಬನೇ ಅಂದ ಮೇಲೆ ನಾಯಿ ಎಲ್ಲಿಂದ ಬಂತು ಅಂತಲಾ? ನಾಯಿ ಲೆಕ್ಕಕ್ಕಿಲ್ಲ ಮಗಳೇ. ನಾಯಿ ಏನು ಹೆಗಲ ಮೇಲೆ ಗಂಟು ಹೊರುತ್ತಾ?

ಕೂತ್ಕೋ, ಕೂತ್ಕೋ. ಮೈಯಿಂದ ನೀರು ಸುರಿದರೆ ಸುರೀಲಿ, ಈ ಅಂಗಡಿ ನೆಲ ನಿನಗಿಂತ ತೊಪ್ಪೆಯಾದೋರನ್ನ ನೋಡಿದೆ. ಆ ಬೆಂಚು ನಿಮ್ಮಂಥ ನಡೆಯೋರಿಗೆ ಅಂತಲೇ ಹಾಕಿಸಿದ್ದು. ನಿನ್ನ ಟೆಂಟು ನೋಡು ಇಲ್ಲಿ, ಕೊಂಬೆ ಬಿದ್ದು ಗೇಣುದ್ದ ಸೀಳಿದೆ. ರಾತ್ರಿಯೆಲ್ಲ ಕೆಳಗೆ ಲೋಟ ಹಿಡ್ಕೊಂಡು ಕೂತಿದ್ದೆ ಅಂದ್ಯಲ್ಲ, ಕೂರದೆ ಇನ್ನೇನು ಮಾಡ್ತೀಯ. ಒಳಗೊಂದು ತೇಪೆ ಅಂಟಿಸಿ, ಹೊರಗೊಂದು ತೇಪೆ ಅಂಟಿಸಿ, ಸುತ್ತ ಎರಡು ಸಾಲು ಹೊಲಿಗೆ ಹಾಕಿದ್ದೀನಿ. ಈಗ ಸೂಜಿ ಹೋದ ತೂತಿಗೆಲ್ಲ ಮೇಣ ಉಜ್ಜಬೇಕು. ಹೊಲಿಗೆ ಹಾಕೋದು ಎಲ್ಲರಿಗೂ ಬರುತ್ತೆ, ತೂತು ಮುಚ್ಚೋದು ಮರೆತುಬಿಡ್ತಾರೆ. ಆಮೇಲೆ ಅಂಟು ಒಣಗಬೇಕು. ಬಿಸಿಲಿದ್ದರೆ ಒಂದು ಗಂಟೆ, ಈ ಥಂಡಿಗೆ ಎರಡು. ಅಲ್ಲೀತನಕ ನೀನು ನನ್ನ ಕೈಗೆ ಸಿಕ್ಕಿಬಿದ್ದೆ ಅಂತಲೇ ಲೆಕ್ಕ.

ಏನಂದೆ, ಜೋರು ಮಳೆ? ಇದಾ? ಇದನ್ನ ನಾನು ಮಳೆ ಅನ್ನೋಲ್ಲ, ಆಕಾಶಕ್ಕೆ ನೆಗಡಿಯಾಗಿದೆ ಅಷ್ಟೆ. ನನ್ನ ಒಂಬತ್ತನೇ ದಿನ ಸುರೀತು ನೋಡು, ಅದು ಮಳೆ. ಬೆಳಿಗ್ಗೆ ಎದ್ದು ಬೂಟಿಗೆ ಕಾಲು ಹಾಕಿದರೆ ಒಳಗೆ ಏನೋ ಒದ್ದಾಡ್ತಿದೆ. ಮೀನು. ನಿಜವಾಗಲೂ. ಎಡಗಾಲಿನ ಬೂಟಲ್ಲಿ ಒಂದು, ಬಲಗಾಲಿನದರಲ್ಲಿ ಎರಡು. ಅವನ್ನೇ ಸುಟ್ಕೊಂಡು ತಿಂದೆ.

ಕಟ್ಟಿಗೆ ಒದ್ದೆಯಾಗಿರಲಿಲ್ವಾ ಅಂತೀಯ? ನೀನು ಪೊಲೀಸಿನೋಳಾ? ...ಶಾಲೇಲಿ ಪಾಠ ಹೇಳ್ತೀಯಾ. ಹಾಗನ್ನು. ಅದಕ್ಕೇ ತಪ್ಪು ಕಂಡಲ್ಲೆಲ್ಲ ಕಣ್ಣಲ್ಲೇ ಕೆಂಪು ಗೆರೆ ಎಳೀತೀಯ.

ಗಾಳಿ ವಿಷಯ ಕೇಳು ಹಾಗಾದ್ರೆ. ಹದಿಮೂರನೇ ದಿನ. ಟೆಂಟಿನೊಳಗೆ ಗೊರಕೆ ಹೊಡೀತಿದ್ದೀನಿ, ಗಾಳಿ ಬಂತು, ಟೆಂಟನ್ನ ನನ್ನ ಸಮೇತ ಎತ್ತಿತು. ಎಚ್ಚರ ಆದಾಗ ನಾನು ಎರಡು ಮೈಲಿ ಮುಂದೆ ಇದ್ದೀನಿ, ಅದೂ ಗುಡ್ಡದ ಆ ಮಗ್ಗುಲಲ್ಲಿ. ಹತ್ತೋದು ಉಳೀತು ನೋಡು. ನಗು, ನಗು. ಎಂಟು ದಿನದಿಂದ ಒಬ್ಬಳೇ ನಡೆದು ನಿನ್ನ ಮುಖದಲ್ಲಿ ನಗುವೇ ಬತ್ತಿಹೋಗಿತ್ತು, ಒಳಗೆ ಬಂದಾಗ ನೋಡಿದೆನಲ್ಲ.

ನಾಳೆ ಸಂಜೆಯೊಳಗೆ ಹೊಳೆಯಾಚೆ ಊರಲ್ಲಿರಲೇಬೇಕಾ? ಯಾರು, ನಿನ್ನ ತಂಗಿಯಾ? ಬಸ್ ಸ್ಟ್ಯಾಂಡಲ್ಲಿ ಕಾಯ್ತಿರ್ತಾಳೆ... ನಿನ್ನ ಫೋನೂ ನೀರು ಕುಡಿದು ಸತ್ತಿದೆ, ನನ್ನ ಹತ್ತಿರ ಫೋನೇ ಇಲ್ಲ... ಹೊತ್ತಿಗೆ ಸರಿಯಾಗಿ ಕಾಣದಿದ್ದರೆ ಅಳ್ತಾ ಊರೆಲ್ಲ ಎಬ್ಬಿಸ್ತಾಳೆ. ಅರ್ಥವಾಯ್ತು. ಸೇತುವೆ ಮೇಲೆ ಸುತ್ತಿ ಹೋದರೆ ನಾಳಿದ್ದು ಮಧ್ಯಾಹ್ನ ಆಗುತ್ತೆ ಅಂತ ನಿನ್ನ ನಕ್ಷೆ ಹೇಳುತ್ತೆ, ಅಲ್ವಾ? ನಕ್ಷೆ ಬರೆದೋರಿಗೇನು ಗೊತ್ತು. ಇಲ್ಲಿಂದ ಮುಂದೆ ತಿರುವು ಸಿಗುತ್ತಲ್ಲ, ಅದರ ಕೆಳಗೆ ಒಂದು ಕಾಲುದಾರಿ ಇಳಿಯುತ್ತೆ ಹೊಳೆಗೆ. ಅಲ್ಲಿ ಕಲ್ಲುಬಂಡೆ ಸಾಲಾಗಿದಾವೆ, ಮೆಟ್ಟಿಲಿನ ಹಾಗೆ. ಟಕ್ ಟಕ್ ಅಂತ ದಾಟಿಬಿಡಬಹುದು. ಅರ್ಧ ದಿನ ಉಳಿಯುತ್ತೆ. ನಾನು ದಾಟಿದ್ದು ಅಲ್ಲೇ. ಕಣ್ಣು ಮುಚ್ಕೊಂಡು ದಾಟಿದೆ ಅಂದ್ರೂ ತಪ್ಪಿಲ್ಲ.

ಏಯ್, ಎಲ್ಲಿಗೆ ಎದ್ದೆ? ಚೀಲ ಯಾಕೆ ಕಟ್ತಿದ್ದೀಯ?

ಈಗಲೇನಾ? ಇನ್ನೂ ಅಂಟು ಒಣಗಿಲ್ಲವಲ್ಲ. ಮುಟ್ಟಬೇಡ, ಬೆರಳಿಗೆ ಮೆತ್ಕೊಳ್ಳುತ್ತೆ... ನೋಡಿದ್ಯಾ, ಮೆತ್ಕೊಂಡ್ತು. ಕೂತ್ಕೋ. ಚಹಾ ಕಾಯಿಸ್ತೀನಿ. ಇವತ್ತೇ ಹೊಳೆಗೆ ಹೋಗಬೇಕು ಅಂತೇನಿದೆ. ಇವತ್ತು ಮಳೆ. ಅಂದ್ರೆ... ಮಳೆ ಏನಲ್ಲ, ನೆಗಡಿ ಅಂದೆ, ಆದರೂ ಬಂಡೆ ಜಾರುತ್ತೆ. ಹೌದು, ನಾನು ಮಳೆಗಾಲದಲ್ಲೇ ದಾಟಿದೆ. ಆಗ ಬಂಡೆ ಬೇರೆ ಥರ ಇತ್ತು. ...ಬಂಡೆ ಬದಲಾಗಲ್ಲ, ಸರಿ. ನೀರು ಬದಲಾಗುತ್ತಲ್ಲ?

ಎಷ್ಟು ಆಳ ಇತ್ತು ಅಂದ್ರೆ... ಇಲ್ಲೀವರೆಗೆ. ಅಲ್ಲ, ಇಲ್ಲೀವರೆಗೆ. ಎಷ್ಟು ಬಂಡೆ ಅಂತ ಎಣಿಸ್ಕೊಂಡು ಯಾರು ದಾಟ್ತಾರೆ ಮಗಳೇ?

ನನ್ನ ಟೆಂಟಾ? ಅದು ಯಾಕೆ ಈಗ? ಇದೆ, ಇಲ್ಲದೆ ಏನು. ಅಗೋ, ಅಟ್ಟದ ಮೇಲೆ ಹಸಿರು ಗಂಟು. ನಾನೇ ಕೈಯಾರೆ ದಬ್ಬಳ ಹಿಡಿದು ಹೊಲಿದದ್ದು, ಮಿಷನ್ನಿಗೆ ಕೊಡಲಿಲ್ಲ. ಇಪ್ಪತ್ತೆರಡು ರಾತ್ರಿ ನನ್ನ ಕಾಪಾಡಿದೆ ಅದು. ಇಳಿಸಬೇಡ, ಧೂಳು... ಇಳಿಸಿಬಿಟ್ಯಾ. ಬಿಚ್ಚಬೇಡ ಅಂದೆ. ಬಿಚ್ಚು, ಬಿಚ್ಚು, ನಿನ್ನ ಇಷ್ಟ. ಈಗಿನ ಮಕ್ಕಳು ಮಾತು ಕೇಳಿದರೆ ತಾನೆ. ಹೊಲಿಗೆ ನೋಡು, ಒಂದಾದರೂ ಹೆಚ್ಚು ಕಡಿಮೆ ಇದೆಯಾ?

ತಳ ಯಾಕೆ ತಿರುಗಿಸಿ ನೋಡ್ತಿದ್ದೀಯ? ಒಗೆದಿಟ್ಟಿದ್ದೀನಿ, ಅದಕ್ಕೇ ಕೆಸರಿಲ್ಲ.

ಆ ಸಣ್ಣ ಚೀಲದಲ್ಲಿರೋದು ಗೂಟ. ಹನ್ನೆರಡು. ಎಣಿಸ್ಕೋ ಬೇಕಾದ್ರೆ.

ಒಂದೊಂದನ್ನೇ ಹಾಗೆ ಬೆಳಕಿಗೆ ಹಿಡಿದು ಏನು ನೋಡೋದು? ನಿನ್ನ ಗೂಟ ತೋರಿಸ್ತೀಯಾ, ತೋರಿಸು. ಹೂಂ, ಸೊಟ್ಟ. ಇದೂ ಸೊಟ್ಟ. ಇದರ ತಲೆಯೇ ಜಜ್ಜಿಹೋಗಿದೆ. ಎಂಟು ದಿನದಲ್ಲಿ ಕಲ್ಲುನೆಲ ಇಷ್ಟು ಮಾಡಿದೆ ಅಂತೀಯ. ಸರಿ. ನನ್ನವು... ನನ್ನವು ನೆಟ್ಟಗಿವೆ. ಒಳ್ಳೇ ಕಬ್ಬಿಣ. ಆಗಿನ ಕಾಲದ ಕಬ್ಬಿಣ ಬಾಗ್ತಾನೇ ಇರಲಿಲ್ಲ.

ಅಂಗಡಿಯ ಬೆಲೆ ಚೀಟಿ? ಗೂಟಕ್ಕಾ? ಇನ್ನೂ ಅಂಟಿಕೊಂಡೇ ಇದೆಯಾ?

ಬೇಕಾದ್ರೆ ಬೈ. ಹೀಗೆ ಆ ಚೀಟಿ ನನ್ನ ಮುಖದ ಮುಂದೆ ಹಿಡ್ಕೊಂಡು ಕೂತ್ರೆ ಮೇಣ ನೆಟ್ಟಗೆ ಹತ್ತಲ್ಲ.

ಆಯ್ತು. ಹೋಗಿಲ್ಲ.

ಹೋಗೋಣ ಅಂತಲೇ ಹೊಲಿದದ್ದು, ಅದು ಸುಳ್ಳಲ್ಲ. ಮೂರು ಸಲ ಹೊರಟೆ. ಮೂರು ಸಲವೂ ಹೆಗಲಿಗೆ ಚೀಲ ಏರಿಸೋ ಹೊತ್ತಿಗೆ ಯಾರೋ ಹರಿದದ್ದು ಹಿಡ್ಕೊಂಡು ಬಾಗಿಲಿಗೆ ಬಂದರು. ಬಿಟ್ಟು ಹೋಗೋಕಾಗುತ್ತಾ? ಸಿಕ್ಕಿಬಿದ್ದಾಗೆಲ್ಲ ಹಾಗಂತಲೇ ಹೇಳ್ತೀನಿ. ನಿನಗೊಬ್ಬಳಿಗೇ ಹೇಳ್ತೀನಿ ಕೇಳು, ನಾಲ್ಕನೇ ಸಲ ಯಾರೂ ಬರಲಿಲ್ಲ. ತಿರುವಿನವರೆಗೆ ಹೋದೆ. ಕತ್ತಲಾಗೋ ಹಾಗಿತ್ತು. ಒಬ್ಬನೇ ಮಲಗೋಕೆ ನನಗೆ ಪುಕುಪುಕು ಅಂತು. ಊಟಕ್ಕೆ ಮನೆಗೆ ಬಂದುಬಿಟ್ಟೆ.

ಹೊಳೆ ವಿಷಯ ಒಬ್ಬ ನರ್ಸಮ್ಮ ಹೇಳಿದ್ದು. ನೀನು ಕೂತಲ್ಲೇ ಕೂತಿದ್ರು, ಚೀಲದ ಪಟ್ಟಿ ಒಣಗೋ ತನಕ. ಬಂಡೆ ಇರೋದು ನಿಜ, ಅವರು ದಾಟಿದ್ದೂ ನಿಜ. ಆದರೆ ಅದು ಕಡುಬೇಸಿಗೆ. ನೀರು ಹಿಮ್ಮಡಿ ಮುಚ್ತಿರಲಿಲ್ಲವಂತೆ. ನಾನು ಹೇಳ್ತಾ ಹೇಳ್ತಾ ಅದಕ್ಕೆ ಮಳೆ ಸೇರಿಸಿದೆ. ಬರೀ ಬಿಸಿಲಲ್ಲಿ ದಾಟಿದ್ದನ್ನ ಯಾರು ಬಾಯಿ ಬಿಟ್ಕೊಂಡು ಕೇಳ್ತಾರೆ? ಗಾಳಿ ಎತ್ಕೊಂಡು ಹೋದ ಕತೆ ಮಾತ್ರ ಯಾರು ಹೇಳಿದ್ದೂ ಅಲ್ಲ, ನಾನೇ ಕಟ್ಟಿದ್ದು.

ಈಗ ಈ ನೀರಲ್ಲಿ ಆ ಬಂಡೆ ಕಾಣೋದೂ ಇಲ್ಲ. ಇಳೀಬೇಡ. ಇಳಿಯಲ್ಲ ಅಂತ ಹೇಳು. ತಲೆ ಆಡಿಸಿದರೆ ಸಾಲದು, ಬಾಯಿ ಬಿಟ್ಟು ಹೇಳು.

ಹಾಂ.

ತಂಗಿ ವಿಷಯ ನನಗೆ ಬಿಡು. ಹಾಲಿನ ವ್ಯಾನಿನವನು ನಾಲ್ಕು ಗಂಟೆಗೆ ಇಲ್ಲಿ ನಿಲ್ಲಿಸ್ತಾನೆ, ಅವನ ತಾಡಪಾಲೂ ಹೊಲಿಗೆಗೆ ಬಂದು ನನ್ನ ಹತ್ತಿರವೇ ಇದೆ. ದಿನಾ ಆ ಊರಿಗೇ ಹೋಗೋದು. ನಿನ್ನ ಅಕ್ಷರದಲ್ಲಿ ಒಂದು ಚೀಟಿ ಬರಿ, ಬಸ್ ಸ್ಟ್ಯಾಂಡಿನ ಟಿಕೆಟ್ ಕಿಟಕಿಯಲ್ಲಿ ತಂಗಿ ಹೆಸರು ಹೇಳಿ ಕೊಡ್ತಾನೆ. ಅಕ್ಕ ನಾಳಿದ್ದು ಬರ್ತಾಳೆ, ನಡ್ಕೊಂಡೇ ಬರ್ತಾಳೆ ಅಂತ. ವ್ಯಾನು ಹತ್ತು ಅಂದ್ರೆ ನೀನು ಹತ್ತೋಳಲ್ಲ, ಮುಖ ನೋಡಿದರೇ ಗೊತ್ತಾಗುತ್ತೆ.

ತಗೋ, ತೇಪೆ ಈಗ ಮುಟ್ಟಿ ನೋಡು. ಈ ಜಾಗದಲ್ಲಿ ಇನ್ನು ಹತ್ತು ವರ್ಷ ಸೋರಲ್ಲ. ಇದರಲ್ಲಿ ಮಾತ್ರ ನಾನು ಮಳೆ ಬಿಸಿಲು ಏನೂ ಸೇರಿಸಿಲ್ಲ.

ಸೇತುವೆಗಾ? ನೇರ ಹೋಗು, ಟಾರು ರಸ್ತೆ ಸಿಗುತ್ತೆ, ಎಡಕ್ಕೆ ತಿರುಗು. ಗಟ್ಟಿಮುಟ್ಟಾಗಿದೆ, ದಿನಾ ವ್ಯಾನು ಓಡಾಡುತ್ತಲ್ಲ. ಆಚೆ ಬದಿ ಟೆಂಟು ಹಾಕೋಕೆ ಒಳ್ಳೇ ಜಾಗ ಇದೆ, ನೆಲ ಎತ್ತರ, ನೀರು ನಿಲ್ಲಲ್ಲ...

ಮತ್ತೆ ಯಾಕೆ ಹಾಗೆ ನೋಡ್ತೀಯ?

ಇಲ್ಲಮ್ಮ. ಸೇತುವೆವರೆಗೂ ಹೋಗಿಲ್ಲ. ಏನೀಗ?