ಹಿಂದಿನ ಗೋಡೆಯ ಬೆಳ್ಳಿಗೂದಲು ಹಾವಸೆ

ನಾನು, ವಯಸ್ಸು 46 ವರ್ಷ, ಉದ್ಯೋಗ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕಿ, ವಾಸ ನೀರಿನ ಟ್ಯಾಂಕ್ ಹಿಂದಿನ ರಸ್ತೆ, ಮೂರನೇ ಮನೆ, ಓಣಿಯವರ ಬಾಯಲ್ಲಿ "ಪಾಚಿ ಮೇಡಂ", ಇಂದು ಠಾಣೆಗೆ ನಾನಾಗಿಯೇ ಬಂದು ಬರೆಸುವುದೇನೆಂದರೆ:

ಮಾರುಕಟ್ಟೆಯ ಹಿಂದಿರುವ ನಗರಸಭೆಯ ಹಳೆಯ ಕಟ್ಟಡದಲ್ಲಿ ನನ್ನ ಅಕ್ಕ ಪುಸ್ತಕದ ಬೈಂಡಿಂಗ್ ಅಂಗಡಿ ನಡೆಸುತ್ತಾಳೆ. ಅಪ್ಪನ ಕಾಲದಿಂದ ಬಂದ ಅಂಗಡಿ. ಅದು ಹೋದರೆ ಅವಳಿಗೆ ಬೇರೆ ದಿಕ್ಕಿಲ್ಲ. ರಸ್ತೆ ಅಗಲ ಮಾಡಲು ಕಟ್ಟಡ ಕೆಡವುವುದೆಂದು ಹೋದ ತಿಂಗಳು ನೋಟಿಸ್ ಬಂತು.

ಈ ತಿಂಗಳ 3ರಂದು ಅಕ್ಕ ಫೋನ್ ಮಾಡಿ, ಅಂಗಡಿಯ ಹಿಂದಿನ ಗೋಡೆಯಲ್ಲಿ ನನ್ನ ಪಾಚಿಯಂಥದ್ದೇನೋ ಇದೆ, ಬಂದು ನೋಡು ಎಂದಳು. ಅದು ಪಾಚಿಯಲ್ಲ, ಹಾವಸೆ ಎಂದು ಅವಳಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಪಾಚಿ ಜಾರುತ್ತದೆ, ಹಾವಸೆಗೆ ಕಾಂಡವಿದೆ, ಎಲೆಯಿದೆ. ಸಂಜೆ 4.30ಕ್ಕೆ ಹೋಗಿ ನೋಡಲಾಗಿ, ನೆಲದಿಂದ ಐದಡಿ ಎತ್ತರದಲ್ಲಿ ಅಂಗೈಯಗಲದ ಬೂದು ಮೆತ್ತೆ ಇತ್ತು. ಒಂದು ಹನಿ ನೀರು ಬಿಟ್ಟೆ. ನೋಡನೋಡುತ್ತಲೇ ಎಲೆ ಬಿಚ್ಚಿ ಹಸಿರಾಯಿತು. ಎಲೆಯ ತುದಿಗಳಲ್ಲಿ ಬಿಳಿ ಕೂದಲಿತ್ತು. ಸಾಮಾನ್ಯ ಹಾವಸೆಗೂ ಅಂಥ ಕೂದಲುಂಟು, ಆದರೆ ನುಣುಪು. ಬಲು ಅಪರೂಪದ ಬೆಳ್ಳಿಗೂದಲು ಹಾವಸೆಯದನ್ನು ಲೆನ್ಸಿನಲ್ಲಿ ನೋಡಿದರೆ ಗರಗಸದ ಹಲ್ಲು ಕಾಣುತ್ತದೆ. ಹಲ್ಲು ಕಂಡದ್ದೇ ನಾನು ಹಿಗ್ಗಿ ಹೀರೇಕಾಯಿಯಾದೆ.

ಅದಕ್ಕೆ ಮೊದಲು ಈ ಜಾತಿಯನ್ನು ನಾನು ಕಂಡಿದ್ದು ಒಂದೇ ಕಡೆ, ಕುಸಿದುಹೋದ ಸೇತುವೆಯೊಂದರ ಕಲ್ಲಿನ ಮೇಲೆ. ಅಲ್ಲಿಂದ ತಂದ ತುಣುಕು ನನ್ನ ಅಡುಗೆಮನೆಯ ಕಿಟಕಿಯಲ್ಲಿ ಒಂದು ತಟ್ಟೆಯ ತುಂಬ ಹಬ್ಬಿದೆ. ನಾನು ಊರಲ್ಲಿಲ್ಲದಾಗ ಬೀಗ ತೆಗೆದು ಅದಕ್ಕೆ ನೀರು ಚಿಮುಕಿಸುವವಳು ಅಕ್ಕ. ಅಂದು ಈ ವಿಷಯ ನನ್ನ ತಲೆಗೇ ಬರಲಿಲ್ಲ. ಅಪರೂಪದ ಜಾತಿಯಿರುವ ಗೋಡೆ ಕೆಡವಬಾರದೆಂದು ನಾನು ಬರೆದ ಪತ್ರದ ಮೇಲೆ ನಗರಸಭೆಯವರು ಕೆಡವುವ ಕೆಲಸ ನಿಲ್ಲಿಸಿದರು.

14ರಂದು ಮೆತ್ತೆ ಕಂದು ತಿರುಗಿತ್ತು. ನೀರು ಬಿಟ್ಟರೂ ಬಿಚ್ಚಲಿಲ್ಲ.  ಕೆಡವುವ ಕೆಲಸದ ಮೇಲ್ವಿಚಾರಕನನ್ನು ಎಲ್ಲರೂ "ಸುತ್ತಿಗೆ" ಎಂದು ಕರೆಯುತ್ತಾರೆ. ಅವನು ಹಿಂದಿನ ದಿನ ಔಷಧ ಹೊಡೆಯುವ ಕ್ಯಾನ್ ಹಿಡಿದು ಅದೇ ಗೋಡೆಯ ಬಳಿ ನಿಂತಿದ್ದ. ಕೇಳಿದ್ದಕ್ಕೆ, ಆಸರೆಗೆ ತಂದಿಟ್ಟ ಮರದ ದಿಮ್ಮಿಗಳಿಗೆ ಗೆದ್ದಲು ಹಿಡಿದಿದೆ ಎಂದು ಹೇಳಿ ಬೇರೆಲ್ಲೋ ನೋಡಿದ್ದ. ಆ ನೋಟವೇ ನನಗೆ ಸಾಕಾಯಿತು. ಅವನು ವಿಷ ಹಾಕಿದನೆಂದು ದೂರು ಕೊಟ್ಟೆ. ತಾವು ನಿನ್ನೆ ಬೆಳಿಗ್ಗೆಯಿಂದ ಅವನನ್ನು ಇಲ್ಲಿ ಕೂರಿಸಿದ್ದೀರಿ. ಅವನು ನಿನ್ನೆ ನನಗೆ ಹೇಳಿದ್ದು: "ಕೆಡವೋದಾದ್ರೆ ಹಾಡಹಗಲಲ್ಲೇ ಕೆಡವ್ತೀನಿ ಮೇಡಂ. ಪಾಚಿಗೆ ಕದ್ದು ವಿಷ ಹಾಕೋಷ್ಟು ಪುರುಸೊತ್ತು ನನಗಿಲ್ಲ." ನಾನು ಅದನ್ನು ನಾಟಕವೆಂದುಕೊಂಡೆ. ಹೊರಗೆ ಮೆಟ್ಟಿಲ ಮೇಲೆ ಅವನ ಹೆಂಡತಿ ಊಟದ ಡಬ್ಬಿ ಹಿಡಿದು ಕೂತಿದ್ದಳು. ನಾನು ಮುಖ ತಿರುಗಿಸಿಕೊಂಡು ಹೋದೆ.

ಇಂದು 16ನೇ ತಾರೀಕು ಬೆಳಿಗ್ಗೆ 7.30ಕ್ಕೆ ವಿಷದ ಸಾಕ್ಷಿಗಾಗಿ ಮಾದರಿ ತೆಗೆಯಲು ಹೋದೆ. ಮೇಲಿನಿಂದ ವಿಷ ಸುರಿದಿದ್ದರೆ ತುದಿ ಮೊದಲು ಸುಡಬೇಕಿತ್ತು. ಇದು ಬುಡದಿಂದ ಸತ್ತಿತ್ತು. ಬೀಜಕ ತುಂಬಿದ ಡಬ್ಬಿಗಳನ್ನು ಹೊತ್ತ ಸಣ್ಣ ಕಡ್ಡಿಗಳೆಲ್ಲ ಎಡಕ್ಕೆ ಬಾಗಿದ್ದವು. ಅವು ಬೆಳೆಯುವಾಗ ಬೆಳಕಿನ ಕಡೆಗೆ ಬಾಗುತ್ತವೆ, ಆದರೆ ಗೋಡೆಯ ಎಡಗಡೆಯಿಂದ ಬೆಳಕೇ ಬರುವುದಿಲ್ಲ. ಚಾಕುವಿನಿಂದ ಎತ್ತಿದಾಗ ಇಡೀ ಮೆತ್ತೆ ಹಪ್ಪಳದಂತೆ ಕಳಚಿ ಬಂತು. ಅಡಿಯಲ್ಲಿ ಒಣಗಿದ ಮೈದಾ ಅಂಟು, ಅದರಲ್ಲಿ ನೀಲಿ ಚುಕ್ಕೆಗಳು. ಪುಸ್ತಕಕ್ಕೆ ಹುಳ ಹಿಡಿಯದಿರಲೆಂದು ಬೈಂಡಿಂಗ್ ಮಾಡುವವರು ಅಂಟಿಗೆ ಮೈಲುತುತ್ತ ಹಾಕಿ ಕುದಿಸುತ್ತಾರೆ. ಅದರಲ್ಲಿರುವ ತಾಮ್ರ ಹಾವಸೆಗೆ ಆಗಿಬರುವುದಿಲ್ಲ. 

ಮನೆಗೆ ಓಡಿ ತಟ್ಟೆ ನೋಡಿದೆ. ಒಂದು ಮೂಲೆಯ ಬೆಳ್ಳಿಗೂದಲು ಹಾವಸೆ ತೆಗೆದು, ಆ ಜಾಗದಲ್ಲಿ ಸಾಮಾನ್ಯ ಹಾವಸೆ ಕೂರಿಸಲಾಗಿತ್ತು. ಕತ್ತರಿಸಿದ ಅಂಚು ಅಳತೆಪಟ್ಟಿ ಇಟ್ಟಂತೆ ನೇರವಾಗಿತ್ತು. ಅಷ್ಟು ನೇರ ಕತ್ತರಿಸುವ ಕೈ ನಮ್ಮ ಮನೆತನದಲ್ಲಿ ಒಂದೇ.

9.15ಕ್ಕೆ ಅಂಗಡಿಗೆ ಹೋಗಿ ಕೇಳಿದೆ. ಅಕ್ಕ ಹೊಲಿಯುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. ಅಂಟಿಸಿದ್ದು ತಾನೇ ಎಂದು ಒಪ್ಪಿಕೊಂಡಳು. ತಾನು ಎಂದಿನ ಅಂಟನ್ನೇ ಹಚ್ಚಿದ್ದಾಗಿಯೂ, ಅದು ಸಾಯುತ್ತದೆಂದು ಗೊತ್ತಿರಲಿಲ್ಲವೆಂದೂ ಹೇಳಿದಳು. ಪೊಲೀಸರು ಸುತ್ತಿಗೆಯನ್ನು ಹಿಡಿದುಕೊಂಡು ಹೋದಾಗ ಬಾಯಿಗೆ ಬೀಗ ಹಾಕಿಕೊಂಡಿದ್ದೇಕೆ ಎಂದು ಕೇಳಿದ್ದಕ್ಕೆ ಅವಳ ಸೂಜಿ ನಿಂತಿತು. "ಒಂದು ಪಾಚಿ ಇಡೀ ಕಟ್ಟಡ ಉಳಿಸುತ್ತೆ ಅಂತ ಊಟಕ್ಕೆ ಕೂತಾಗೆಲ್ಲ ಹೇಳ್ತಿದ್ದೋಳು ನೀನೇ ತಾನೆ? ನಡಿ, ಬರ್ತೀನಿ. ಅವನನ್ನ ಬಿಡಿಸೋಣ" ಎಂದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಇಬ್ಬರೂ ಠಾಣೆಗೆ ಬಂದು ವಿಷಯ ತಿಳಿಸಿ, 11 ಗಂಟೆಗೆ ತಮ್ಮ ಪೇದೆಯೊಂದಿಗೆ ಪಂಚನಾಮೆಗಾಗಿ ಮತ್ತೆ ಗೋಡೆಗೆ ಹೋದೆವು. ಅಂಟಿನ ಗುರುತುಗಳನ್ನು ತೋರಿಸುತ್ತ ಮಳೆನೀರಿನ ಪೈಪಿನ ಹಿಂದೆ ಕೈ ಹಾಕಿದಾಗ ಬೆರಳಿಗೆ ಮೆತ್ತಗೆ ತಗುಲಿತು. ಹೆಬ್ಬೆರಳ ಉಗುರಿನಷ್ಟು ಬೂದು ಗುಪ್ಪೆ. ಹನಿ ನೀರಿಗೆ ಬಿಚ್ಚಿಕೊಂಡಿತು. ಲೆನ್ಸಿನಲ್ಲಿ ಕೂದಲಿನ ಹಲ್ಲುಗಳು ಕಂಡವು. ಈ ಸಲ ನಾನು ಹಿಗ್ಗಲಿಲ್ಲ, ಕಳ್ಳನನ್ನು ನೋಡಿದಂತೆ ನೋಡಿದೆ. ಅಂಟಿಲ್ಲ, ನೀಲಿಯಿಲ್ಲ. ಬೇರಿನಂಥ ಎಳೆಗಳು ಗಾರೆಯೊಳಗೆ ಇಳಿದಿದ್ದವು. ಹಳೆಯ ಎಲೆಗಳ ಪದರದ ಮೇಲೆ ಹೊಸದು ಬಂದು, ಎಷ್ಟೋ ವರ್ಷಗಳಿಂದ ಅಲ್ಲೇ ಇದ್ದದ್ದು ಕಾಣುತ್ತಿತ್ತು. ಕಡ್ಡಿಗಳೆಲ್ಲ ಬೆಳಕಿರುವ ಕಡೆಗೇ ಬಾಗಿದ್ದವು. ಇದು ನಿಜವಾದದ್ದು, ತಾನಾಗಿಯೇ ಬೆಳೆದದ್ದು ಎಂದು ಹೇಳಿದೆ. ಪೇದೆಯವರು ಬಗ್ಗಿ ನೋಡಿ, "ಇದನ್ನ ಯಾವಾಗ ಅಂಟಿಸಿದ್ರು ಮೇಡಂ?" ಎಂದು ಕೇಳಿದರು. ಅವರು ನನ್ನನ್ನು ನೋಡಿದ ನೋಟ, ನಾನು ಸುತ್ತಿಗೆಯನ್ನು ನೋಡಿದ್ದ ನೋಟವೇ. 

ಆದ್ದರಿಂದ ಸುತ್ತಿಗೆಯ ಮೇಲಿನ ನನ್ನ ದೂರನ್ನು ಹಿಂತೆಗೆದುಕೊಂಡಿದ್ದೇನೆ. ಅವನನ್ನು ಈಗಲೇ ಮನೆಗೆ ಕಳಿಸಬೇಕು. ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ, ತನ್ನ ಹೇಳಿಕೆ ತಾನೇ ಕೊಡುತ್ತಾಳೆ. ಕೆಡವುವ ಯಂತ್ರ ಸೋಮವಾರ ಬರುತ್ತದೆಂದು ನಗರಸಭೆಯಿಂದ ಆಗಲೇ ಫೋನ್ ಬಂದಿದೆ. ಪೈಪಿನ ಹಿಂದಿನ ಗುಪ್ಪೆಯನ್ನು ಅದಕ್ಕೆ ಮೊದಲು ನಮ್ಮ ಪರಿಚಯವಿಲ್ಲದ ಬೇರೆ ತಜ್ಞರಿಂದ ನೋಡಿಸಬೇಕೆಂದು ಕೈಮುಗಿದು ಕೇಳುತ್ತೇನೆ. ನಾನು ಅಂಗಡಿಯವಳ ತಂಗಿ, ನನ್ನ ಮಾತು ಹಿಡಿಯಬೇಡಿ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. "ಪಾಚಿ" ಎಂದು ತಪ್ಪಾಗಿ ಬರೆದಿದ್ದ ಎರಡು ಕಡೆ "ಹಾವಸೆ" ಎಂದು ತಿದ್ದಿಸಿದ್ದೇನೆ. ಇದರಲ್ಲಿರುವುದೆಲ್ಲ ಸತ್ಯ. ಪೈಪಿನ ಹಿಂದಿನದ್ದೂ ಅಷ್ಟೇ ಸತ್ಯ. ಅದೊಂದನ್ನು ಮಾತ್ರ ಯಾರೂ ನಂಬುವುದಿಲ್ಲವೆಂದು ನನಗೆ ಗೊತ್ತು.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನಾಂಕ: 16, ಶುಕ್ರವಾರ, ಮಧ್ಯಾಹ್ನ 1.10
ಸಹಿ: (ಹೇಳಿಕೆ ಕೊಟ್ಟವರು)