ಗ್ರೈಂಡರ್‌ಗೆ ಇಟ್ಟ ಕುಂಕುಮ

ಹೆಗ್ಗನಹಳ್ಳಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇಗೆ ಕಾಯುತ್ತಿದ್ದೆ. ಆಪರೇಷನ್ ಕೋಣೆಯ ಮುಂದೆ ಹೆಂಗಸೊಬ್ಬಳು ಗಂಡ ಸಂಪತ್ ಕೆಲಸ ಮಾಡುವ ವರ್ಕ್‌ಶಾಪಿನ ಮಾಲೀಕನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಕಬ್ಬಿಣ ಕತ್ತರಿಸೋ ಗ್ರೈಂಡರ್ ಬ್ಲೇಡಿನ ಗಾರ್ಡ್ ಬಿಚ್ಚಿದ್ದು ಯಾರು ಸಾರ್?”

“ನಾನೇ ಕಣಮ್ಮ. ಆಯುಧಪೂಜೆಗೆ ಬ್ಲೇಡ್ ಒರೆಸಿ ಕುಂಕುಮ ಇಡೋಣ ಅಂತ.”

“ಆಮೇಲೆ ವಾಪಸ್ ಹಾಕ್ಬೇಕು ತಾನೆ?”

“ಮರ್ತೋಯ್ತು. ಸಂಪತ್ ಆದ್ರೂ ಆನ್ ಮಾಡೋ ಮುಂಚೆ ನೋಡ್ಬಾರ್ದಿತ್ತಾ?”

“ಅವ್ರು ದಿನಾ ನೋಡೋರು! ಇವತ್ತು ‘ಪೂಜೆ ಆಗಿದೆಯಲ್ಲ, ಮತ್ತೇನು ನೋಡ್ತೀಯಾ, ಬೇಗ ಕಟ್ ಮಾಡು’ ಅಂತ ಬೈದೋರು ಯಾರು?”

ಅವಳೇ ಮತ್ತೆ ಕೇಳಿದಳು.

“ಗಾರ್ಡ್ ಈಗೆಲ್ಲಿದೆ?”

“ದೇವರ ಫೋಟೋ ಮುಂದೆನೇ ಇದೆ.”

“ಅಲ್ಲೇ ಇರ್ಲಿ. ದಿನಾ ಊದುಬತ್ತಿ ಹಚ್ಚಿ ಸಾರ್, ನನ್ ಗಂಡನ ಬೆರಳು ಬೆಳೆಯುತ್ತೆ.”

ನರ್ಸ್ ಸಂಪತ್ ಕಡೆಯವರನ್ನು ಕರೆದರು. ಮಾಲೀಕನೂ ಎದ್ದ.

“ನೀವು ಬರ್ಬೇಡಿ,” ಎಂದು ಅವಳು ಒಬ್ಬಳೇ ಒಳಗೆ ಹೋದಳು.