ಹೊತ್ತು ಮುಳುಗದ ಊರಿನ ಸಾಯಂಕಾಲ

ದಣಿವಿನ ಮಾತು ಬಂತಲ್ಲ, ಅದಕ್ಕೊಂದು ಕಥೆ ಕೇಳಿ. ನಮ್ಮ ನಿಮ್ಮಂಥದೇ ಊರು, ಅಲ್ಲೊಬ್ಬ ಶ್ರೀಮಂತ, ಕೊಬ್ಬರಿ ಮಂಡಿಯ ಸಾಹುಕಾರ. ಕೆಟ್ಟವನಲ್ಲ, ನೋಡಿ. ಕುಡಿತವಿಲ್ಲ, ಜೂಜಿಲ್ಲ, ಹೆಂಡತಿಗೆ ಗಟ್ಟಿಯಾಗಿ ಬೈದವನೂ ಅಲ್ಲ. ಹೊತ್ತು ವ್ಯರ್ಥವಾಗಬಾರದು ಎಂಬುದೊಂದೇ ಅವನ ಚಟ. ಹೆಂಡತಿ ಏನಾದರೂ ಹೇಳಲು ಬಂದರೆ, “ಸಾಯಂಕಾಲ ಮಾತಾಡೋಣ ಕಣೇ” ಎನ್ನುತ್ತಿದ್ದ. ಸಾಯಂಕಾಲ ಬರುತ್ತಿತ್ತು. ಮಂಡಿಯ ಫೋನೂ ಬರುತ್ತಿತ್ತು.

ಆ ಹೆಂಡತಿಯ ಬಳಿ ಒಂದು ಮಾತಿತ್ತು. ತಾಯಿ ಸತ್ತ ಮೇಲೆ ಇವಳಿಗೆ ತಲೆ ಬಾಚಿ, ಉಣಿಸಿ ಬೆಳೆಸಿದ ಅಕ್ಕ ಈಗ ಒಂಟಿ. ಕಣ್ಣು ಮಂಜು. ಬಾಡಿಗೆಯ ಕೋಣೆಯನ್ನು ಜೂನ್ ಕೊನೆಗೆ ಬಿಡಬೇಕು. ಬಿಟ್ಟರೆ ಗುರುತಿಲ್ಲದ ಊರಿನ ಯಾವುದೋ ಆಶ್ರಮ. ಅಕ್ಕನನ್ನು ನಮ್ಮ ಮನೆಗೆ ಕರೆದುಕೊಂಡು ಬರೋಣವೇ? ಇಷ್ಟೇ ಮಾತು. ಆದರೆ ಬಾಗಿಲಲ್ಲಿ ನಿಂತು ಆಡುವಂಥದಲ್ಲ, ಕೂತು ಆಡಬೇಕು. ಎಂಟು ತಿಂಗಳಿಂದ ಅದನ್ನು ಹೊತ್ತುಕೊಂಡೇ ಅವಳು ತಿರುಗುತ್ತಿದ್ದಳು.

ಜೂನ್ ಬಂತು. ಸಾಹುಕಾರ ಐದು ದಿನ ಬಿಡುವು ಮಾಡಿಕೊಂಡ.

“ಊಟಿಗೆ ಹೋಗೋಣ ರೀ. ಸುಮ್ನೆ ಕೂತಿರೋಣ.”

ಅವನು ಭೂಪಟ ಹರಡಿದ, ಪೆನ್ಸಿಲ್ ಹಿಡಿದ. “ಉತ್ತರಕ್ಕೆ ಹೋಗೋಣ ಕಣೇ. ಉತ್ತರ ಅಂದ್ರೆ ಕಾಶೀನೂ ಅಲ್ಲ, ಕಾಶ್ಮೀರಾನೂ ಅಲ್ಲ. ಭೂಮಿಯ ನೆತ್ತಿ! ಊಟೀಲಿ ದಿನಕ್ಕೆ ಹದಿಮೂರು ಗಂಟೆ ಬೆಳಕು. ಅಲ್ಲಿ ಈ ತಿಂಗಳು ಹೊತ್ತೇ ಮುಳುಗಲ್ಲ. ಐದು ದಿನದ ರಜೆ, ಒಂಬತ್ತು ದಿನದ ಬೆಳಕು!”

“ಮಲಗೋದು ಯಾವಾಗ್ರೀ?”

“ವಿಮಾನದಲ್ಲಿ.”

ಲೆಕ್ಕ ತಪ್ಪೇ? ತಪ್ಪಿಲ್ಲ. ಭೂಮಿ ವಾಲಿಕೊಂಡು ತಿರುಗುತ್ತದೆ. ಈ ತಿಂಗಳಲ್ಲಿ ಅದರ ನೆತ್ತಿ ಸೂರ್ಯನ ಕಡೆಗೆ ಬಾಗಿರುತ್ತದೆ. ಎಲ್ಲವೂ ಸರಿಯೇ. ಹೆಂಡತಿಯ ಮಂಡಿನೋವನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹೋದರು. ಸಮುದ್ರದ ಅಂಚಿನಲ್ಲಿ ಹತ್ತು ಹನ್ನೆರಡು ಮನೆಗಳ ಮೀನುಗಾರರ ಹಳ್ಳಿ. ಮೊದಲ ದಿನ ಗುಡ್ಡ ಹತ್ತಿದರು, ದೋಣಿ ಹತ್ತಿದರು, ಮತ್ತೆ ಗುಡ್ಡ ಹತ್ತಿದರು. ಬೆಳಕಿದೆಯಲ್ಲ! ಎರಡನೆಯ ದಿನವೂ ಹಾಗೆಯೇ. ಒಂದು ಬಂಡೆಯ ಮೇಲೆ ಅವಳು ಕುಸಿದು ಕೂತು, “ರೀ, ಅಕ್ಕನ ವಿಷಯ...” ಎಂದಳು.

“ಸಾಯಂಕಾಲ ಮಾತಾಡೋಣ ಕಣೇ” ಎಂದು ಅವನು ಮುಂದೆ ನಡೆದೇಬಿಟ್ಟ.

ಅವಳು ಆಕಾಶ ನೋಡಿದಳು. ಸೂರ್ಯ ಬೆಟ್ಟದ ಮೇಲೆ ಅಡ್ಡಡ್ಡ ಹೋಗುತ್ತಿದ್ದ, ಕೆಳಗಿಳಿಯುವ ಸೂಚನೆಯೇ ಇರಲಿಲ್ಲ. ಯಾವ ಸಾಯಂಕಾಲ? ಊರಿನಲ್ಲಿ ಅದು ಬಂದು ಹೋಗುತ್ತಿತ್ತು. ಇಲ್ಲಿ ಬರುವುದೇ ಇಲ್ಲ. ಅಳುವುದಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

ಮೂರನೆಯ ದಿನ, ಗಡಿಯಾರದ ಪ್ರಕಾರ ಸಂಜೆ ಏಳು ಗಂಟೆಗೆ, ಅವಳು ಕೋಣೆಯ ಕಿಟಕಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಎದುರು ಮನೆಯ ಮುದುಕಿ ಬಲೆ ಹೆಣೆಯುವುದನ್ನು ನಿಲ್ಲಿಸಿ ಎದ್ದಳು. ಮುಖದ ಮೇಲೆ ಬಿಸಿಲು ಹಾಗೇ ಇತ್ತು. ಬಲೆ ಮಡಚಿದಳು, ಗಂಡನನ್ನು ಕೂಗಿದಳು, ಒಳಗೆ ಹೋಗಿ ಕಂಬಳಿಯಷ್ಟು ದಪ್ಪದ ಕಪ್ಪು ಪರದೆ ಎಳೆದಳು. ಪಕ್ಕದ ಮನೆಯಲ್ಲೂ ಅಷ್ಟೇ. ನೋಡಿ, ಆ ಊರಿನವರು ಹೊತ್ತು ಮುಳುಗಲಿ ಎಂದು ಕಾಯುವುದಿಲ್ಲ. ಸಾಯಂಕಾಲವನ್ನು ಕೈಯಾರೆ ಮಾಡಿಕೊಳ್ಳುತ್ತಾರೆ.

ಅವಳೂ ತನ್ನ ಕಿಟಕಿಯ ಪರದೆ ಹುಡುಕಿ ಎಳೆದಳು. ಕೋಣೆ ಕತ್ತಲಾಯಿತು.

ಗಂಡ ಬಾಗಿಲು ತೆರೆದ. “ಏನೇ ಇದು? ಏಳು, ದೋಣಿ ಹೊರಡುತ್ತೆ.”

“ಸಾಯಂಕಾಲ ಆಯ್ತು ರೀ.”

“ಹೊರಗೆ ಬಿಸಿಲು ಹೊಡೀತಿದೆ, ಸಾಯಂಕಾಲವಂತೆ!”

“ಹೊರಗೆ ಆಗಿಲ್ಲ. ಒಳಗೆ ಆಗಿದೆ, ನಾನೇ ಮಾಡಿದೀನಿ. ಕೂತ್ಕೊಳ್ಳಿ.”

ಕೂತ. ಜ್ಞಾನೋದಯವಾಗಿ ಅಲ್ಲ, ಮೂರು ದಿನ ನಿದ್ದೆಗೆಟ್ಟ ಕಾಲುಗಳು ಕೂತವು. ಅವಳು ಹೇಳಿದಳು. ಎಂಟು ತಿಂಗಳ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು. ಕತ್ತಲೆಯಲ್ಲಿ ಅವನ ದನಿ ಬಂತು: “ಅಕ್ಕಂಗೆ ಮೆಟ್ಟಿಲು ಹತ್ತಕ್ಕಾಗಲ್ಲ. ಕೆಳಗಿನ ಕೋಣೇಲಿ ಗೋಣಿಚೀಲ ತುಂಬಿಸಿದೀನಿ, ಹೋದ ತಕ್ಷಣ ಖಾಲಿ ಮಾಡಿಸ್ತೀನಿ.” ಆಮೇಲೆ, “ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?” ಎಂದ.

ಅವಳು ಗೋಡೆಗೆ ತಲೆಯೊರಗಿಸಿ ನಿದ್ದೆ ಹೋಗಿದ್ದಳು.

ನಗುತ್ತೀರಿ. ನಗಬೇಡಿ. ವಿಮಾನ ಹತ್ತದೆಯೇ ನಾವೆಲ್ಲ ಆ ಊರು ಸೇರಿ ಎಷ್ಟೋ ವರ್ಷವಾಯಿತು. ನಮ್ಮ ಮನೆಯಲ್ಲಿ ಹೊತ್ತು ಮುಳುಗುತ್ತದೆಯೇ? ಟ್ಯೂಬ್‌ಲೈಟು ಆರಿದರೆ ಟಿವಿ, ಟಿವಿ ಆರಿದರೆ ಅಂಗೈಯಲ್ಲಿ ಫೋನು. ಬೆಳಕು, ಬೆಳಕು, ಬರೀ ಬೆಳಕು. ಆ ಬೆಳಕಿನಲ್ಲಿ ಯಾರ ಮುಖ ನೋಡಿದಿರಿ? ಮನೆಯವರಿಗೆ “ಆಮೇಲೆ” ಎಂದಿರಲ್ಲ, ಆ ಆಮೇಲೆ ಯಾವತ್ತು ಬಂತು?

ತೀರ್ಥಯಾತ್ರೆ ಬೇಡ, ವ್ರತ ಬೇಡ. ಇವತ್ತು ಮನೆಗೆ ಹೋಗಿ ಫೋನನ್ನು ಬೀರುವಿನಲ್ಲಿಡಿ. ಒಂದು ದೀಪ ಬಿಟ್ಟು ಉಳಿದದ್ದು ಆರಿಸಿ. ಎದುರಿಗೆ ಕೂತು, “ಅವತ್ತು ಏನೋ ಹೇಳಬೇಕು ಅಂದಿದ್ದೆಯಲ್ಲ, ಏನದು?” ಎಂದು ಕೇಳಿ. ನಾಳೆಯೂ ಕೂತುಕೊಳ್ಳಿ. ಆದರೆ ಇವತ್ತೇ ಕೇಳಿ. ಅಕ್ಕನ ಕೋಣೆಗಾದರೆ ಜೂನ್ ಕೊನೆಯ ಗಡುವಿತ್ತು. ನಿಮ್ಮ ಮನೆಯಲ್ಲಿ ಕಾಯುತ್ತಿರುವ ಮಾತಿಗೆ ಎಷ್ಟು ದಿನದ ಗಡುವಿದೆಯೋ, ನಿಮಗೆ ಗೊತ್ತಿಲ್ಲ.